ಮೊದಲು ಅರ್ಥಿಂಗು, ಆಮೇಲೆ ಡಿಸ್ಟಾರ್ಷನ್ನು

ಹಾಸನದಂಥ ಊರಿನಲ್ಲಿ ಹುಡುಗರ ರಾಕ್ ಬ್ಯಾಂಡಿನ ಆಯುಷ್ಯ ಹೆಚ್ಚೆಂದರೆ ನಾಲ್ಕು ವರ್ಷ. ಒಂಬತ್ತನೇ ಕ್ಲಾಸಿನಲ್ಲಿ ಹುಟ್ಟುತ್ತದೆ, ಎಸ್ಸೆಸ್ಸೆಲ್ಸಿ ಪರೀಕ್ಷೆ ಬಂದಾಗ ಒಮ್ಮೆ ಉಸಿರು ನಿಲ್ಲಿಸುತ್ತದೆ, ಫಸ್ಟ್ ಪಿಯುನಲ್ಲಿ ಚೇತರಿಸಿಕೊಳ್ಳುತ್ತದೆ. ಸೆಕೆಂಡ್ ಪಿಯು ಮುಗಿದು ಸಿಇಟಿ ಸೀಟು ಹಂಚಿಕೆಯಾದ ವಾರ ಡ್ರಮ್ಮರ್ ಮಂಗಳೂರಿಗೆ, ಬೇಸ್ ನುಡಿಸುವವನು ಬೆಂಗಳೂರಿಗೆ, ಹಾಡುವವಳು ಮೈಸೂರಿಗೆ. ಊರಿನಲ್ಲಿ ಉಳಿದ ಒಬ್ಬ ಗಿಟಾರಿಸ್ಟ್ ಒಂದಷ್ಟು ದಿನ ಒಬ್ಬನೇ ಸ್ಕೇಲ್ ತಿರುವಿ ಹಾಕುತ್ತಾನೆ. ಈ ನಾಲ್ಕು ವರ್ಷದಲ್ಲೂ ನಿಜವಾಗಿ ನುಡಿಸಲು ಸಿಗುವ ತಿಂಗಳುಗಳು ಜೂನ್‌ನಿಂದ ಡಿಸೆಂಬರ್‌ವರೆಗೆ ಮಾತ್ರ. ಜನವರಿ ಫೆಬ್ರುವರಿಯಲ್ಲಿ ಕಾಲೇಜ್ ಡೇ ಇದ್ದರೆ ಪುಣ್ಯ. ಆಮೇಲೆ ಪ್ರಿಪರೇಟರಿ, ಪ್ರಾಕ್ಟಿಕಲ್ಸ್, ಮಾರ್ಚ್. ಅಂದರೆ ಮಲೆನಾಡಿನ ಅಂಚಿನ ಬ್ಯಾಂಡು ಬೆಳೆಯುವುದೇ ಮಳೆಗಾಲದಲ್ಲಿ, ಮರ ಉಬ್ಬುವ, ತಂತಿ ತುಕ್ಕು ಹಿಡಿಯುವ, ಕರೆಂಟ್ ಹೋಗಿಬಂದು ಮಾಡುವ ಕಾಲದಲ್ಲಿ.

ಇಂಥ ಬ್ಯಾಂಡುಗಳು ಪ್ರತಿಭೆ ಸಾಲದೆ ಮುಗಿಯುವುದು ಕಡಿಮೆ. ಹುಡುಗ ಹುಡುಗಿಯರಿಗೆ ಕೈಯೂ ಇರುತ್ತದೆ, ಕಿವಿಯೂ ಇರುತ್ತದೆ. ಹದಗೆಡುವುದು ದುಡ್ಡು ಖರ್ಚಾದ ಕ್ರಮದಲ್ಲಿ. ಇದ್ದ ಹಣವೆಲ್ಲ ಮೊದಲು ಸದ್ದು ಜೋರು ಮಾಡುವ ಸಾಮಾನಿಗೆ ಹೋಗುತ್ತದೆ: ಗಿಟಾರಿನ ಸದ್ದನ್ನು ಒರಟಾಗಿ ಒಡೆಯುವ, ಅಂದರೆ ಡಿಸ್ಟಾರ್ಷನ್ ಕೊಡುವ ಮೆಟಲ್ ಪೆಡಲ್, ದೊಡ್ಡ ಆಂಪು (ಆಂಪ್ಲಿಫೈಯರ್), ಅಗ್ಗದ ಐದು ಪೀಸಿನ ಡ್ರಮ್ ಸೆಟ್. ಮೈಕು, ಸ್ಟ್ಯಾಂಡು, ಒಳ್ಳೆಯ ಕೇಬಲ್ಲು, ಅರ್ಥಿಂಗ್ ಸರಿಯಿರುವ ಒಂದು ಬೋರ್ಡು, ಇವುಗಳ ಸರದಿ ಬರುವ ಹೊತ್ತಿಗೆ ಜೇಬು ಖಾಲಿ. ಹಾಡು ಕೇಳಿಸುವುದಿಲ್ಲವೆಂದು ಗಿಟಾರು ಏರುತ್ತದೆ, ಗಿಟಾರು ಏರಿತೆಂದು ಡ್ರಮ್ಮು ಏರುತ್ತದೆ, ಅಷ್ಟರಲ್ಲಿ ಪಕ್ಕದ ಮನೆಯವರು ಗೇಟಿನ ಮುಂದೆ ನಿಂತಿರುತ್ತಾರೆ. ಮೊದಲ ಎರಡು ವರ್ಷ ಬ್ಯಾಂಡಿಗೆ ಬೇಕಾದ ವಿದ್ಯೆ ಸದ್ದು ತಗ್ಗಿಸುವುದು. ಕೇಳಲು ರಾಕ್‌ಗೆ ವಿರುದ್ಧ ಅನ್ನಿಸಬಹುದು, ಆದರೆ ಲೆಕ್ಕ ಹಾಗೇ ಇದೆ.

ಲೆಕ್ಕವನ್ನೇ ನೋಡೋಣ. ವಿದ್ಯಾನಗರ, ಕುವೆಂಪುನಗರದಂಥ ಬಡಾವಣೆಗಳ 30–40ರ ಸೈಟಿನಲ್ಲಿ ಇಬ್ಬರೂ ಮೂರು ಮೂರು ಅಡಿ ಬಿಟ್ಟು ಕಟ್ಟಿದರೂ ನಿಮ್ಮ ಕಿಟಕಿಗೂ ಪಕ್ಕದವರ ಕಿಟಕಿಗೂ ಆರೇ ಅಡಿ. ಶಬ್ದ ಮಾಲಿನ್ಯ ನಿಯಂತ್ರಣ ನಿಯಮ, 2000ರ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿಯೆಂದರೆ 10ರಿಂದ ಬೆಳಗಿನ 6. ಡ್ರಮ್ ಸೆಟ್ಟನ್ನು ಕಡ್ಡಿಯಲ್ಲಿ ಮನಸಾರೆ ಬಾರಿಸಿದರೆ ಒಂದು ಮೀಟರ್ ದೂರದಲ್ಲಿ 100 ಡೆಸಿಬಲ್ ದಾಟುವುದು ಏನೂ ವಿಶೇಷವಲ್ಲ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬಲ್ ಇಳಿಯುತ್ತದೆ, ಹಾಗಾಗಿ 32 ಮೀಟರ್ ಆಚೆಗೂ 70 ಉಳಿಯುತ್ತದೆ. ಎರಡೂ ಕಡೆ ಗಾರೆ ಬಳಿದ 9 ಇಂಚಿನ ಇಟ್ಟಿಗೆ ಗೋಡೆ ಒಂದೇ ಇದ್ದಿದ್ದರೆ ಸುಮಾರು 50 ಡೆಸಿಬಲ್ ತಿಂದುಹಾಕುತ್ತಿತ್ತು. ತೊಂದರೆ ಗೋಡೆಯದಲ್ಲ, ಸಂದಿಯದು. ಗೋಡೆಯ ವಿಸ್ತೀರ್ಣದಲ್ಲಿ ನೂರಕ್ಕೆ ಒಂದು ಪಾಲು ತೆರೆದಿದ್ದರೂ ಆ ಇಡೀ ಗೋಡೆ 20 ಡೆಸಿಬಲ್‌ಗಿಂತ ಹೆಚ್ಚು ತಡೆಯಲಾರದು. ವೆಂಟಿಲೇಟರ್, ಬಾಗಿಲ ಕೆಳಗಿನ ಒಂದು ಇಂಚು, ಕಿಟಕಿಯ ಸಡಿಲ ರೆಕ್ಕೆ, ಸದ್ದು ಹೊರಬೀಳುವುದು ಇಲ್ಲಿಂದ.

ಸದ್ದು ತಡೆಯಲೆಂದು ಗೋಡೆಗೆ ಮೊಟ್ಟೆ ಟ್ರೇ ಅಂಟಿಸುವ ಚಟ ಇನ್ನೂ ಹೋಗಿಲ್ಲ. ಟ್ರೇಗೆ ತೂಕವಿಲ್ಲ, ತೂಕವಿಲ್ಲದ್ದು ಸದ್ದನ್ನು ತಡೆಯುವುದಿಲ್ಲ; ಕೋಣೆಯೊಳಗಿನ ಸಿಂಬಲ್ಲಿನ ಚೂಪನ್ನು ಒಂದಿಷ್ಟು ಮೊಂಡು ಮಾಡುತ್ತದೆ, ಅಷ್ಟೆ. ಅದಕ್ಕೆ ಹಾಕುವ ಒಂದು ಭಾನುವಾರವನ್ನು ಬಾಗಿಲಿಗೆ ರಬ್ಬರ್ ಬೀಡಿಂಗ್ ಹೊಡೆಯಲು, ವೆಂಟಿಲೇಟರಿಗೆ 18 ಮಿ.ಮೀ. ಪ್ಲೈವುಡ್ ತುಂಡು ಕೂರಿಸಲು ಬಳಸಿದರೆ ಫಲ ಅಂದೇ ಗೊತ್ತಾಗುತ್ತದೆ. ಒಳಗಿನ ಪ್ರತಿಧ್ವನಿಗೆ ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಮದ್ದಿದೆ. ಆಲೂಗಡ್ಡೆ ಮಂಡಿಯ ಹಳೆಯ ಗೋಣಿಚೀಲ, ಅರಸೀಕೆರೆ ಚನ್ನರಾಯಪಟ್ಟಣದ ಕಡೆಯ ತೆಂಗಿನ ನಾರು, ಅಟ್ಟದ ಮೇಲೆ ಬಿದ್ದಿರುವ ಹತ್ತಿ ಹಾಸಿಗೆ. ನಾಲ್ಕಡಿ ಉದ್ದ, ಎರಡಡಿ ಅಗಲ, ನಾಲ್ಕು ಇಂಚು ಆಳದ ಮರದ ಚೌಕಟ್ಟು ಮಾಡಿ, ಹಾಸಿಗೆ ಕತ್ತರಿಸಿ ತುಂಬಿ, ಮೇಲೆ ಗೋಣಿ ಬಿಗಿದರೆ ಪ್ಯಾನೆಲ್ ಆಯಿತು. ಇಂಥ ನಾಲ್ಕನ್ನು ಮೂಲೆಗಳಿಗೆ ಓರೆಯಾಗಿ ಒರಗಿಸಿ. ಗೋಣಿ, ನಾರು ಎರಡೂ ಬೇಗ ಹೊತ್ತಿಕೊಳ್ಳುವ ವಸ್ತು. ಸ್ವಿಚ್ ಬೋರ್ಡಿನ ಹತ್ತಿರ ಬೇಡ.

ಮೂಲೆಯೇ ಯಾಕೆಂದರೆ ಬೇಸ್ ಕೂಡಿಕೊಳ್ಳುವುದು ಅಲ್ಲಿ. ಹತ್ತಡಿ ಅಗಲದ ಕೋಣೆ 56 ಹರ್ಟ್ಜ್ ಸುತ್ತಮುತ್ತ ತಾನೇ ಗುಂಯ್ಗುಡುತ್ತದೆ. ಬೇಸ್ ಗಿಟಾರಿನ ಖಾಲಿ ಎ ತಂತಿ 55 ಹರ್ಟ್ಜ್. ಎ ಶ್ರುತಿಯ ಹಾಡು ಬಂದಾಗಲೆಲ್ಲ ಬೇಸ್ ನುಡಿಸುವವನಿಗೆ ಬೈಗುಳ ಬೀಳುವುದು ಇದಕ್ಕೇ. ತಪ್ಪು ಅವನದಲ್ಲ, ಕೋಣೆಯದು. ಆಂಪನ್ನು ಮೂಲೆಯಿಂದ ಮೂರು ಅಡಿ ಮುಂದೆ ಎಳೆದು ಸ್ಟೂಲಿನ ಮೇಲಿಟ್ಟರೆ ಅರ್ಧ ಜಗಳ ತೀರುತ್ತದೆ.

ಸಕಲೇಶಪುರ, ಬೇಲೂರಿನ ಕಡೆ ಯಾರಾದರೂ ನೆಂಟರ ಕಾಫಿ ಗೋದಾಮು ಸಿಕ್ಕರೆ ಅದಕ್ಕಿಂತ ಭಾಗ್ಯ ಬೇರಿಲ್ಲ. ಅರೇಬಿಕಾ ಕೊಯ್ಲು ನವೆಂಬರಿಗೆ ಶುರುವಾಗಿ, ರೊಬಸ್ಟಾ ಮುಗಿಯುವ ಹೊತ್ತಿಗೆ ಮಾರ್ಚ್. ಮೂಟೆ ಸಾಗಿದ ಮೇಲೆ ಮಳೆಗಾಲ ಪೂರ್ತಿ ಗೋದಾಮು ಖಾಲಿ. ಬ್ಯಾಂಡಿನ ಕಾಲಕ್ಕೆ ಸರಿಯಾಗಿ ಹೊಂದುತ್ತದೆ. ಜುಲೈನಲ್ಲಿ ಸತು ಶೀಟಿನ ಮೇಲೆ ಮಳೆ ಹೊಡೆಯುವಾಗ ಹೊರಗಿನವರಿಗೆ ಏನೂ ಕೇಳಿಸದು, ಒಳಗಿನವರಿಗೂ ಹಾಡು ಕೇಳಿಸದು. ಜೋರು ಮಳೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಗಿಟಾರಿನ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಬದಲಾವಣೆ ಅಭ್ಯಾಸ ಮಾಡಿ, ಮಳೆ ನಿಂತಾಗ ಹಾಡು ಎತ್ತಿಕೊಳ್ಳುವುದು ಜಾಣತನ. ತೋಟದ ಲೈನಿನಲ್ಲಿ ವೋಲ್ಟೇಜ್ 170ಕ್ಕೂ ಇಳಿಯುವುದುಂಟು, ಸ್ಟೆಬಿಲೈಸರ್ ಇಲ್ಲದೆ ಕೀಬೋರ್ಡ್ ಹಚ್ಚಬೇಡಿ.

ಡ್ರಮ್ಮಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟು: ಮೊದಲ ವರ್ಷ ಡ್ರಮ್ ಸೆಟ್ ಕೊಳ್ಳಲೇಬಾರದು. ಅಗ್ಗದ ಸೆಟ್ಟಿನಲ್ಲಿ ಡ್ರಮ್ಮು ಹೇಗೋ ಸುಧಾರಿಸಬಹುದು, ಸಿಂಬಲ್ ಸುಧಾರಿಸಲಾಗದು. ಒಳ್ಳೆಯ ಸಿಂಬಲ್ ಕಂಚಿನದು, ತಾಮ್ರ 80 ತವರ 20 ಅಥವಾ 92ಕ್ಕೆ 8. ಸೆಟ್ಟಿನ ಜೊತೆ ಪುಕ್ಕಟೆ ಬರುವುದು ಹಿತ್ತಾಳೆ. ಅದಕ್ಕೆ ಝೇಂಕಾರವಿಲ್ಲ, ಕಿರುಚಾಟ ಇದೆ, ಮತ್ತು ಆ ಕಿರುಚಾಟ ಬೀಳುವುದು ಹಾಡಿನ ಅಕ್ಷರಗಳು ಕೇಳಿಸುವ ಜಾಗದಲ್ಲೇ. ಅದರ ಬದಲು ಒಂದು ಕಹೋನ್ ಮಾಡಿಸಿ. ಪೆರು ದೇಶದ ಪೆಟ್ಟಿಗೆ ವಾದ್ಯ, ಹಾಸನದ ಯಾವ ಬಡಗಿಯೂ ಅರ್ಧ ದಿನದಲ್ಲಿ ಮಾಡಿಕೊಡಬಲ್ಲ. 12 ಮಿ.ಮೀ. ಪ್ಲೈವುಡ್ಡಿನಲ್ಲಿ 30 ಸೆಂ.ಮೀ. ಅಗಲ, 30 ಆಳ, 48 ಎತ್ತರದ ಪೆಟ್ಟಿಗೆ. ಹಿಂಬದಿ ಹಲಗೆಯಲ್ಲಿ 11 ಸೆಂ.ಮೀ. ವ್ಯಾಸದ ತೂತು, ಮುಂಬದಿಗೆ ಮಾತ್ರ 3 ಅಥವಾ 4 ಮಿ.ಮೀ. ತೆಳು ಪ್ಲೈ. ಬೇರೆಲ್ಲ ಅಂಚಿಗೂ ಅಂಟು ಹಾಕಿ, ಮುಂಬದಿಯನ್ನು ಸ್ಕ್ರೂಗಳಲ್ಲೇ ಹಿಡಿಸಬೇಕು. ಮೇಲಿನ ಎರಡು ಮೂಲೆಯ ಸ್ಕ್ರೂ ಕಾಲು ಸುತ್ತು ಸಡಿಲಿಸಿದರೆ ಅಂಚಿನ ಏಟಿಗೆ ಚಟ್ ಎನ್ನುವ ಸದ್ದು ಬರುತ್ತದೆ. ಒಳಗೆ ಹಳೆಯ ಗಿಟಾರ್ ತಂತಿ ಎರಡನ್ನು ಮುಂಬದಿ ಹಲಗೆಗೆ ತಾಗಿದಂತೆ ಬಿಗಿದರೆ ಸ್ನೇರ್ ಡ್ರಮ್ಮಿನ ಝರ್ ಸದ್ದು. ಪ್ಲೈ ಕೊಳ್ಳುವಾಗ ಬಿಡಬ್ಲ್ಯುಆರ್, ಅಂದರೆ ನೀರು ತಡೆಯುವ, ದರ್ಜೆ ಎಂದು ಕೇಳಿ. ಸಾದಾ ಕಮರ್ಷಿಯಲ್ ಪ್ಲೈ ಮೊದಲ ಆಷಾಢದಲ್ಲೇ ಪದರ ಬಿಡುತ್ತದೆ.

ಕಹೋನಿನಲ್ಲಿ ಕೈ ಕೂತ ಹುಡುಗನಿಗೆ ಡ್ರಮ್ ಸೆಟ್ಟಿಗೆ ಹೋಗುವುದು ಕಷ್ಟವಲ್ಲ, ಕಾಲುಗಳನ್ನು ಪಳಗಿಸಿಕೊಂಡರೆ ಸಾಕು. ನಮ್ಮ ಕಡೆಯ ಆರ್ಕೆಸ್ಟ್ರಾಗಳಲ್ಲಿ ಆಕ್ಟೋಪ್ಯಾಡ್ (ಕಡ್ಡಿಯಲ್ಲಿ ಬಾರಿಸುವ ಎಲೆಕ್ಟ್ರಾನಿಕ್ ಡ್ರಮ್) ನುಡಿಸುವವರು ತುಂಬ ಇದ್ದಾರೆ. ಅವರಲ್ಲಿ ಒಬ್ಬರ ಹತ್ತಿರ ಕೂತು ನೋಡುವುದು ನೂರು ವಿಡಿಯೊಗಿಂತ ಮೇಲು. ಲಯ ಎಲ್ಲಿ ಓಡುತ್ತದೆ ಅನ್ನುವುದು ಅವರಿಗೆ ಗೊತ್ತು. ಎಲ್ಲ ಹೊಸ ಡ್ರಮ್ಮರುಗಳೂ ಓಡುವುದು ಫಿಲ್ಲಿನಲ್ಲಿ, ಅಂದರೆ ಹಾಡಿನ ಎರಡು ಭಾಗಗಳ ನಡುವೆ ತುಂಬಿಸಿ ಬಾರಿಸುವ ತುಣುಕಿನಲ್ಲಿ. ಪಲ್ಲವಿ ಮುಗಿದು ಚರಣಕ್ಕೆ ಹೋಗುವ ಆ ಒಂದು ಬಾರ್ ಇದೆಯಲ್ಲ, ಅಲ್ಲಿ. ಪರೀಕ್ಷೆ ಸುಲಭ: ಹಾಡನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಮೊದಲ ಚರಣದ ಮತ್ತು ಕೊನೆಯ ಚರಣದ ವೇಗವನ್ನು ಟ್ಯಾಪ್ ಮಾಡಿ ಅಳೆಯಿರಿ. ನಿಮಿಷಕ್ಕೆ 120 ಏಟಿನಲ್ಲಿ ಹೊರಟದ್ದು 128ಕ್ಕೆ ಮುಟ್ಟಿದ್ದರೆ ಟಿಕ್ ಟಿಕ್ ಎಂದು ಲಯ ಹಿಡಿಯುವ ಮೆಟ್ರೊನೋಮನ್ನು 70ಕ್ಕೆ ಇಳಿಸಿ ಅದೇ ಫಿಲ್ಲನ್ನು ನಿಧಾನವಾಗಿ ಬಾರಿಸಿ, ಸಲೀಸಾದ ಮೇಲೆ ನಾಲ್ಕು ನಾಲ್ಕು ಏರಿಸುತ್ತಾ ಹೋಗಿ. ನಿಧಾನದಲ್ಲಿ ಬಾರಿಸುವುದೇ ಕಷ್ಟ. ಇದು ಮೃದಂಗ ಕಲಿತವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನು ಕರೆಂಟು. ಪ್ರಾಣದ ವಿಷಯವಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಗಿಟಾರಿನ ತಂತಿ ಸೇತುವೆಯ ಮೂಲಕ, ಕೇಬಲ್ಲಿನ ಮೂಲಕ ಆಂಪಿನ ಲೋಹದ ಮೈಗೆ ಸೇರಿರುತ್ತದೆ. ಮೈಕಿನ ಜಾಲರಿ ಮಿಕ್ಸರಿನ ಮೈಗೆ. ಆಂಪು ಒಂದು ಗೋಡೆಯ ಪ್ಲಗ್ಗಿನಲ್ಲಿ, ಮಿಕ್ಸರ್ ಇನ್ನೊಂದು ಕೋಣೆಯಿಂದ ಎಳೆದ ಎರಡು ಪಿನ್ನಿನ ಎಕ್ಸ್‌ಟೆನ್ಷನ್ನಿನಲ್ಲಿ ಇದ್ದರೆ, ಒಂದಕ್ಕೆ ಅರ್ಥ್ ಇದೆ, ಇನ್ನೊಂದಕ್ಕೆ ಇಲ್ಲ. ಅರ್ಥ್ ಇಲ್ಲದ ಪೆಟ್ಟಿಗೆಯ ಮೈ ಒಳಗಿನ ಫಿಲ್ಟರ್ ಕೆಪಾಸಿಟರಿನಿಂದಾಗಿಯೇ ನೂರು ವೋಲ್ಟ್ ಆಸುಪಾಸಿನಲ್ಲಿ ತೇಲುತ್ತಿರುತ್ತದೆ. ಕೈಯಲ್ಲಿ ತಂತಿ ಹಿಡಿದು ತುಟಿ ಮೈಕಿಗೆ ತಾಗಿದೊಡನೆ ಚುರುಕ್. ಅದು ಬರೀ ಫಿಲ್ಟರಿನದಾದರೆ ಚುರುಕಿನಲ್ಲೇ ಮುಗಿಯುತ್ತದೆ. ಒಳಗೆ ನಿಜವಾದ ಶಾರ್ಟ್ ಇದ್ದರೆ ಮುಗಿಯುವುದಿಲ್ಲ.

ಪರಿಹಾರಕ್ಕೆ ದೊಡ್ಡ ಖರ್ಚಿಲ್ಲ. ಎಲ್ಲವೂ ಒಂದೇ ಬೋರ್ಡಿನಿಂದ, ಒಂದೇ ಅರ್ಥಿನಿಂದ ಹೋಗಬೇಕು. ಬೋರ್ಡಿಗೆ 1.5 ಚದರ ಮಿ.ಮೀ. ಮೂರು ಕೋರಿನ ತಾಮ್ರದ ಕೇಬಲ್, ಅದರ ಹಿಂದೆ 30 ಮಿಲಿಆಂಪಿಯರ್‌ಗೆ ಬೀಳುವ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದೊಡನೆ ತಾನೇ ಕಡಿದುಹಾಕುವ ಸ್ವಿಚ್. ಹಮ್ಮಿಂಗ್ ಹೋಗುತ್ತದೆಂದು ಅರ್ಥ್ ಪಿನ್ ಕಿತ್ತುಹಾಕುವ ಉಪಾಯವನ್ನು ಯಾರು ಹೇಳಿಕೊಟ್ಟರೂ ಕೇಳಬೇಡಿ. ಹಮ್ಮಿಂಗ್ ನಿಜಕ್ಕೂ ಹೋಗುತ್ತದೆ, ಅದೇ ಅದರ ಅಪಾಯ. ಎಲ್ಲ ಆನ್ ಮಾಡಿದ ಮೇಲೆ ಮಲ್ಟಿಮೀಟರನ್ನು ಎಸಿಗೆ ತಿರುಗಿಸಿ ಗಿಟಾರ್ ತಂತಿ ಮತ್ತು ಮೈಕ್ ಜಾಲರಿಯ ನಡುವೆ ಹಿಡಿಯಿರಿ. ಒಂದು ವೋಲ್ಟಿಗಿಂತ ಕಡಿಮೆ ತೋರಿಸಿದರೆ ಹಾಡಬಹುದು. ಹಳೆಯ ಮನೆಗಳಲ್ಲಿ ಅರ್ಥ್ ಗುಂಡಿ ಬೇಸಿಗೆಗೆ ಒಣಗಿ ಕೆಲಸ ಮಾಡುವುದಿಲ್ಲ, ಒಂದೆರಡು ಕೊಡ ನೀರು ಹೊಯ್ದರೆ ಮಾಡುತ್ತದೆ. ಮಳೆಗಾಲದಲ್ಲಿ ಆ ಚಿಂತೆಯಿಲ್ಲ.

ಗಿಟಾರಿಗೆ ಬಂದರೆ, ಗಿವ್ಸನ್ ಅಥವಾ ಅದೇ ಬೆಲೆಯ ಇನ್ನೊಂದು ಅಕೌಸ್ಟಿಕ್ಕಿನಲ್ಲಿ ಬಹುಪಾಲು ಎಲ್ಲರ ಕಲಿಕೆಯೂ ಶುರುವಾಗುತ್ತದೆ. ಬೆರಳು ಬೊಬ್ಬೆ ಬಂದು ಬಿಟ್ಟವರು ಎಷ್ಟೋ ಮಂದಿ. ಅವರಲ್ಲಿ ಅನೇಕರಿಗೆ ಬೇಕಾಗಿದ್ದದ್ದು ಒಂದು ಹಾಳೆ ಸ್ಯಾಂಡ್‌ಪೇಪರ್. ಹನ್ನೆರಡನೇ ಫ್ರೆಟ್ಟಿನ (ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಗೆರೆ) ಮೇಲೆ ತಂತಿಯ ಎತ್ತರ ಅಳೆಯಿರಿ. ಅಕೌಸ್ಟಿಕ್ಕಿಗೆ 2ರಿಂದ 2.5 ಮಿ.ಮೀ. ಇರಬೇಕಾದ್ದು ಅಂಗಡಿಯಿಂದ ಬಂದಾಗ 4 ಇರುತ್ತದೆ. ಸೇತುವೆಯ ಮೇಲಿನ ಬಿಳಿ ಪಟ್ಟಿಯನ್ನು ಹೊರತೆಗೆದು, ಗಾಜಿನ ಮೇಲೆ ಸ್ಯಾಂಡ್‌ಪೇಪರ್ ಹಾಸಿ ಅದರ ತಳವನ್ನು ನೇರವಾಗಿ ಉಜ್ಜಬೇಕು. ಹನ್ನೆರಡನೇ ಫ್ರೆಟ್ಟಿನಲ್ಲಿ 1 ಮಿ.ಮೀ. ಇಳಿಯಬೇಕಾದರೆ ಪಟ್ಟಿಯಲ್ಲಿ 2 ಮಿ.ಮೀ. ಹೋಗಬೇಕು. ಸ್ವಲ್ಪ ಸ್ವಲ್ಪವೇ ತೆಗೆಯಿರಿ, ತೆಗೆದದ್ದನ್ನು ಮತ್ತೆ ಅಂಟಿಸಲಾಗದು. ಇದನ್ನು ಬೇಸಿಗೆಯಲ್ಲಿ ಮಾಡಿ ಮುಗಿಸಿ ಜುಲೈನಲ್ಲಿ ಮತ್ತೆ ಅಳೆದರೆ ಎತ್ತರ ಏರಿರುತ್ತದೆ, ಏಕೆಂದರೆ ತೇವ ಕುಡಿದ ಮೇಲ್ಹಲಗೆ ಉಬ್ಬಿ ಸೇತುವೆಯನ್ನು ಎತ್ತಿರುತ್ತದೆ. ಆಗ ಮತ್ತೆ ಉಜ್ಜಬೇಡಿ. ಉಜ್ಜಿದರೆ ಫೆಬ್ರುವರಿಯ ಒಣಹವೆಗೆ ಹಲಗೆ ಇಳಿದು ತಂತಿ ಫ್ರೆಟ್ಟಿಗೆ ಬಡಿಯುತ್ತದೆ.

ಗಿಟಾರಿಗೆ ಹಿತವಾದ ತೇವಾಂಶ ನೂರಕ್ಕೆ 45ರಿಂದ 55. ನಮ್ಮ ಮಳೆಗಾಲದಲ್ಲಿ 90 ದಾಟುವುದು ಮಾಮೂಲು. ಹೊರಗೋಡೆಗೆ ಒರಗಿಸದೆ, ಚೀಲದೊಳಗೆ ಸಿಲಿಕಾ ಜೆಲ್ ಹಾಕಿ, ಒಳಕೋಣೆಯ ಬೀರುವಿನಲ್ಲಿಡಿ. ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ನೀಲಿ ಬರಿಸಬಹುದು. ಆ ಬಾಣಲೆ ಮತ್ತೆ ಅಡುಗೆಗೆ ಬೇಡ. ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ತಂತಿಯ ಮೇಲೂ ಕೆಳಗೂ ಒರೆಸಿದರೆ ತಂತಿಯ ಆಯುಷ್ಯ ಇಮ್ಮಡಿ. ಎಲೆಕ್ಟ್ರಿಕ್ಕಿಗೆ 009ರ ಸೆಟ್ (ಅತಿ ತೆಳು ತಂತಿ 0.009 ಇಂಚು), ಅಕೌಸ್ಟಿಕ್ಕಿಗೆ 010ರ ಸೆಟ್ ಎಳೆಯ ಬೆರಳಿಗೆ ಸಾಕು.

ಆಂಪಿನ ಗುಬ್ಬಿಗಳನ್ನು, ಅಂದರೆ ತಿರುಗಿಸುವ ನಾಬ್‌ಗಳನ್ನು, ಕೋಣೆಯಲ್ಲಿ ಒಬ್ಬನೇ ಕೂತು ಹೊಂದಿಸಿಕೊಂಡದ್ದು ಬ್ಯಾಂಡಿನಲ್ಲಿ ನಡೆಯುವುದಿಲ್ಲ. ಒಂಟಿಯಾಗಿ ಕೇಳಲು ಚೆಂದವೆಂದು ಬೇಸ್ ಹತ್ತಕ್ಕೆ, ಟ್ರೆಬಲ್ ಹತ್ತಕ್ಕೆ, ಮಿಡ್ ಸೊನ್ನೆಗೆ ಇಟ್ಟಿರುತ್ತಾರೆ. ಗಿಟಾರಿನ ಜೀವ ಇರುವುದು 500ರಿಂದ 3,000 ಹರ್ಟ್ಜ್ ನಡುವೆ. ಅದನ್ನೇ ಕಿತ್ತು ಹಾಕಿದ ಮೇಲೆ ಉಳಿದದ್ದರ ಕೆಳಭಾಗವನ್ನು ಬೇಸ್ ಗಿಟಾರು, ಮೇಲ್ಭಾಗವನ್ನು ಸಿಂಬಲ್ಲು ನುಂಗುತ್ತದೆ. ನನ್ನದು ಕೇಳಿಸ್ತಿಲ್ಲ ಎಂದು ವಾಲ್ಯೂಮ್ ತಿರುಗಿಸುವುದು ಇಲ್ಲಿಂದ ಶುರು. ಮಿಡ್ಡನ್ನು ಆರಕ್ಕೆ ತಂದು, ಸದ್ದನ್ನು ಒಡೆಯುವ ಗೇನ್ ಗುಬ್ಬಿಯನ್ನು ಅರ್ಧ ಇಳಿಸಿ, ಆಂಪನ್ನು ಕುರ್ಚಿಯ ಮೇಲೆ ಹಿಂದಕ್ಕೆ ಓರೆಯಾಗಿ ಇಡಿ. ನೆಲದ ಮೇಲಿನ ಎಂಟು ಇಂಚಿನ ಸ್ಪೀಕರ್ ಹಾಡುವುದು ಮೊಣಕಾಲಿಗೆ. ಕಿವಿಗೆ ತಿರುಗಿಸಿದರೆ ಹುಡುಗನೇ ಸದ್ದು ಇಳಿಸುತ್ತಾನೆ.

ಬ್ಯಾಲೆನ್ಸಿಗೆ ಒಂದೇ ಕ್ರಮ ಸಾಕು. ಮೊದಲು ಹಾಡುವವರ ಮೈಕನ್ನು ಕುಂಯ್ ಅನ್ನುವವರೆಗೆ ಏರಿಸಿ, ಅಲ್ಲಿಂದ ಸ್ವಲ್ಪ ಇಳಿಸಿ ನಿಲ್ಲಿಸಿ. ಅದೇ ಆ ಕೋಣೆಯ ಮಿತಿ. ಮಿಕ್ಕ ವಾದ್ಯಗಳೆಲ್ಲ ಹಾಡಿನ ಮಾತು ಅರ್ಥವಾಗುವಷ್ಟಕ್ಕೇ ಏರಬೇಕು. ಸ್ಪೀಕರನ್ನು ಮೈಕಿನ ಬೆನ್ನ ಹಿಂದೆ ಬರುವಂತೆ ಇಡಿ, ಮೈಕಿನ ತಲೆಯನ್ನು ಮುಷ್ಟಿಯಲ್ಲಿ ಮುಚ್ಚಬೇಡಿ. ಮುಚ್ಚಿದರೆ ಮುಂದಿನ ಸದ್ದನ್ನೇ ಹೆಚ್ಚು ಕೇಳುವ ಕಾರ್ಡಿಯಾಯ್ಡ್ ಮೈಕು ಎಲ್ಲ ದಿಕ್ಕಿನಿಂದಲೂ ಕೇಳಲು ಶುರುಮಾಡಿ ಕಿರುಚುತ್ತದೆ. ಗಿಟಾರ್ ಆಂಪಿಗೆ ಮೈಕು ಸಿಕ್ಕಿಸಿ ಹಾಡುವುದು ಒಂದು ವಾರಕ್ಕೆ ಸರಿ, ವರ್ಷಕ್ಕಲ್ಲ.

ಹಾಡುವವರದು ಪ್ರತ್ಯೇಕ ಅಧ್ಯಾಯ, ಮತ್ತು ಹಾಸನದಲ್ಲಿ ಅದು ಸೊಗಸಾದ ಅಧ್ಯಾಯ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಆರ್.ಕೆ. ಶ್ರೀಕಂಠನ್ ಅವರಂಥ ಗಾಯಕರ ಊರು. ಜಿಲ್ಲೆಯಲ್ಲಿ ಸಂಗೀತ ಪಾಠಕ್ಕೆ ಹೋಗುವ ಮಕ್ಕಳಿಗೆ ಬರವಿಲ್ಲ, ಬ್ಯಾಂಡಿನ ಹಾಡುಗಾರ್ತಿ ಅಲ್ಲಿಂದಲೇ ಬಂದಿರುತ್ತಾಳೆ. ಗಿಟಾರಿನವರು ಇ ಅಥವಾ ಎ ಶ್ರುತಿಗೆ ಜೋತುಬೀಳುವುದು ಖಾಲಿ ತಂತಿಯ ಸುಖಕ್ಕೆ. ಹಾಡುವವರ ಮನೆ, ಅಂದರೆ ಶ್ರುತಿ, ಬೇರೆ. ದನಿ ಒಡೆದು ಕೆಳಗಿಳಿದ ಹದಿನೈದರ ಹುಡುಗ ಒಂದೂವರೆ ಮನೆಯಲ್ಲಿ, ಅಂದರೆ ಸಿ ಶಾರ್ಪಿನಲ್ಲಿ, ಆರಾಮವಾಗಿ ಹಾಡುತ್ತಿದ್ದರೆ ಅವನನ್ನು ಇ ಗೆ ಎಳೆದು ಗಂಟಲು ಹರಿಸಬೇಡಿ. ನಾಲ್ಕನೇ ಫ್ರೆಟ್ಟಿಗೆ ಕೇಪೋ (ಎಲ್ಲ ತಂತಿಗಳನ್ನೂ ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಎ ಕಾರ್ಡಿನ ಆಕಾರದಲ್ಲಿ ಹಿಡಿಯಿರಿ, ಇಲ್ಲವೇ ಮೊದಲ ಫ್ರೆಟ್ಟಿಗೆ ಹಾಕಿ ಸಿ ಆಕಾರದಲ್ಲಿ. ಇಬ್ಬರು ಗಿಟಾರಿಸ್ಟ್ ಇದ್ದರೆ ಒಬ್ಬ ಹೀಗೆ, ಒಬ್ಬ ಹಾಗೆ. ಒಂದೇ ಜಾಗದಲ್ಲಿ ಇಬ್ಬರೂ ಕೆರೆಯುವುದು ತಪ್ಪುತ್ತದೆ.

ಡಿಸ್ಟಾರ್ಷನ್ ಹಾಕಿದಾಗ ರಾಕ್‌ನವರು ಹಿಡಿಯುವ ಪವರ್ ಕಾರ್ಡ್ ಅಂದರೆ ಷಡ್ಜ ಪಂಚಮ ಮಾತ್ರ. ಗಾಂಧಾರ ಸೇರಿಸಿದರೆ ಡಿಸ್ಟಾರ್ಷನ್ನಿನಲ್ಲಿ ಸ್ವರಗಳು ಒಂದನ್ನೊಂದು ಗುಣಿಸಿಕೊಂಡು ರಾಡಿಯಾಗುತ್ತವೆ, ಅದಕ್ಕೇ ಬಿಟ್ಟದ್ದು. ಆದರೆ ಈ ಬಿಟ್ಟದ್ದೇ ನಮಗೆ ಅನುಕೂಲ. ಗಾಂಧಾರ ಯಾವುದೆಂದು ಗಿಟಾರು ತೀರ್ಮಾನಿಸದೆ ಇರುವುದರಿಂದ ಪಂಚಮವಿರುವ ಯಾವ ರಾಗದ ಕೆಳಗೂ ಅದು ತಂಬೂರಿಯ ಹಾಗೆ ನಿಲ್ಲುತ್ತದೆ, ಹಾಡುವವಳ ಗಮಕಕ್ಕೆ ಅಡ್ಡ ಬರುವುದಿಲ್ಲ. ಹಿಂದೋಳ, ಶ್ರೀರಂಜನಿಯಲ್ಲಿ ಪಂಚಮವೇ ಇಲ್ಲ. ಅಲ್ಲಿ ಷಡ್ಜದ ಜೊತೆ ಮಧ್ಯಮ ಹಿಡಿಯಬೇಕು, ಇಲ್ಲದಿದ್ದರೆ ಪಾಠ ಕಲಿತ ಕಿವಿ ಮುಖ ಸಿಂಡರಿಸುತ್ತದೆ. ಗಿಟಾರಿನವರು ಹಗಲು ರಾತ್ರಿ ಉಜ್ಜುವ ಮೈನರ್ ಪೆಂಟಟಾನಿಕ್ ಶುದ್ಧ ಧನ್ಯಾಸಿಯ ಸ್ವರಗಳೇ, ಮೇಜರ್ ಪೆಂಟಟಾನಿಕ್ ಮೋಹನದವು. ಇಷ್ಟು ಗೊತ್ತಾದರೆ ಎರಡು ಗುಂಪಿನವರೂ ಮಾತಾಡಿಕೊಳ್ಳಬಹುದು. ರಘು ದೀಕ್ಷಿತ್ ಪ್ರಾಜೆಕ್ಟ್ 2008ರ ಆಲ್ಬಂನಲ್ಲಿ ಶಿಶುನಾಳ ಶರೀಫರ ಪದ ಹಾಡಿದ ಮೇಲೆ ಕನ್ನಡದಲ್ಲಿ ರಾಕ್ ಹೊಂದುತ್ತದೆಯೇ ಎಂದು ಕೇಳುವವರು ಕಡಿಮೆಯಾಗಿದ್ದಾರೆ. ಹಾಗಿದ್ದೂ ಊರಿನ ಹುಡುಗರು ಮೊದಲ ಹಾಡನ್ನು ಇಂಗ್ಲಿಷಿನಲ್ಲೇ ಬರೆಯುತ್ತಾರೆ. ಬರೆಯಲಿ. ಮೂರನೆಯದು ಕನ್ನಡಕ್ಕೆ ಬಂದೇ ಬರುತ್ತದೆ.

ಮೊದಲ ವೇದಿಕೆ ಗಣೇಶನದು. ಕಮಿಟಿಯವರು ಇಪ್ಪತ್ತು ನಿಮಿಷ ಕೊಡುತ್ತಾರೆ, ಆರ್ಕೆಸ್ಟ್ರಾ ಶುರುವಾಗುವ ಮುಂಚೆ. ಅದಕ್ಕೆ ನಾಲ್ಕು ಹಾಡು, ಅದರಲ್ಲಿ ಎರಡು ಸಿನಿಮಾ ಹಾಡು ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳಿ. ಶಾಮಿಯಾನದವರ ಮೈಕ್ ಸೆಟ್ ಬಹುತೇಕ ಅಹುಜಾ. ಮಾತಿಗೂ ಮಂತ್ರಕ್ಕೂ ಮಾಡಿದ ಗಟ್ಟಿ ಆಂಪು. ಅದರ ಮೈಕ್ ಇನ್‌ಪುಟ್ಟಿಗೆ ಗಿಟಾರನ್ನು ನೇರ ಚುಚ್ಚಿದರೆ ಸದ್ದು ಕಂಬಳಿ ಹೊದ್ದುಕೊಂಡಂತಾಗುತ್ತದೆ. ಗಿಟಾರ್ ಪಿಕಪ್ ಬಯಸುವುದು ಹತ್ತು ಲಕ್ಷ ಓಮ್‌ನ ಇನ್‌ಪುಟ್, ಮೈಕ್ ಇನ್‌ಪುಟ್ಟಿನಲ್ಲಿರುವುದು ಕೆಲವೇ ಸಾವಿರ. ಮೇಲಿನ ಸ್ವರಗಳೆಲ್ಲ ಅಲ್ಲೇ ಸತ್ತುಹೋಗುತ್ತವೆ. ನಡುವೆ ಒಂದು ಡಿಐ ಬಾಕ್ಸ್, ಅಂದರೆ ಗಿಟಾರನ್ನು ಮೈಕ್ ಇನ್‌ಪುಟ್ಟಿಗೆ ಹೊಂದಿಸುವ ಪೆಟ್ಟಿಗೆ, ಇರಬೇಕು. ಅದಿಲ್ಲದಿದ್ದರೆ ಬಾಸ್ ಕಂಪನಿಯ ಯಾವುದಾದರೂ ಸಾಮಾನ್ಯ ಪೆಡಲ್ ಆದೀತು: 1978ರಿಂದ ಬರುತ್ತಿರುವ ಆ ಕಿತ್ತಳೆ ಬಣ್ಣದ ಡಿಎಸ್-1 ಆಫ್ ಆಗಿದ್ದಾಗಲೂ ಅದರೊಳಗಿನ ಬಫರ್, ಅಂದರೆ ಸಿಗ್ನಲ್ ಸೊರಗದಂತೆ ಕಾಯುವ ಸರ್ಕಿಟ್, ಕೆಲಸ ಮಾಡುತ್ತಿರುತ್ತದೆ. ಗಿಟಾರಿನಿಂದ ಪೆಡಲಿಗೆ ಹೋಗುವ ಕೇಬಲ್ ಆರು ಮೀಟರ್ ದಾಟಬಾರದು, ಬಫರಿನ ಆಚೆಗೆ ಉದ್ದವಾದರೂ ನಡೆಯುತ್ತದೆ.

ಮೈಕ್ ಸೆಟ್‌ನ ಅಣ್ಣನ ಹತ್ತಿರ ಹಿಂದಿನ ದಿನವೇ ಹೋಗಿ, ಎಷ್ಟು ಚಾನೆಲ್ ಇದೆ ಎಂದು ಕೇಳಿ, ಒಂದು ಹಾಳೆಯಲ್ಲಿ ಬರೆದುಕೊಡಿ: ಹಾಡುವವರಿಗೆ ಎರಡು, ಗಿಟಾರ್ ಎರಡು, ಬೇಸ್ ಒಂದು, ಕಿಕ್ (ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್ಮು) ಒಂದು, ಡ್ರಮ್ಮಿನ ಮೇಲೆ ಒಂದು. ಏಳು ಸಾಕು. ಸ್ಟೇಜಿಗೆ ಬಂದ ಕರೆಂಟನ್ನು ಮೀಟರಿನಲ್ಲಿ ನೋಡದೆ ಏನನ್ನೂ ಸಿಕ್ಕಿಸಬೇಡಿ. ಮೂರು ಫೇಸಿನ ಜನರೇಟರಿನಲ್ಲಿ ನ್ಯೂಟ್ರಲ್ ವೈರ್ ಸಡಿಲವಾದರೆ ಹೊರೆ ಕಡಿಮೆಯಿರುವ ಫೇಸಿನಲ್ಲಿ 230 ಇರಬೇಕಾದ್ದು ಮುನ್ನೂರು ದಾಟಿ ನಾನೂರರತ್ತ ಹೋಗುತ್ತದೆ. ಸೀರಿಯಲ್ ಲೈಟು ಒಮ್ಮೆಗೇ ಝಗ್ಗನೆ ಬೆಳಗಿದರೆ ಅದೇ ಮುನ್ಸೂಚನೆ, ಓಡಿಹೋಗಿ ಪ್ಲಗ್ ಕೀಳಿ. ಬೋರ್ಡನ್ನು ಇಟ್ಟಿಗೆಯ ಮೇಲೆ ಎತ್ತರಿಸಿಡಿ, ಭಾದ್ರಪದದ ಮಳೆ ಶಾಮಿಯಾನದ ನಡುವಿನಿಂದ ನೇರ ಅಲ್ಲಿಗೇ ಸೋರುವುದು. ಕಿಕ್ ಡ್ರಮ್ಮಿನ ಕೆಳಗೆ ಜಮಖಾನ ಹಾಸದಿದ್ದರೆ ಎರಡನೇ ಹಾಡಿಗೆ ಅದು ಹಾಡುವವಳ ಕಾಲ ಹತ್ತಿರ ಬಂದಿರುತ್ತದೆ. ಗಿಟಾರನ್ನು ಇಪ್ಪತ್ತು ನಿಮಿಷ ಮೊದಲೇ ಸ್ಟೇಜಿನ ಮೇಲಿಡಿ. ಫೋಕಸ್ ಲೈಟಿನ ಬಿಸಿಗೆ ತಂತಿ ಹಿಗ್ಗಿ ಶ್ರುತಿ ಇಳಿಯುತ್ತದೆ, ಇಳಿದ ಮೇಲೆ ಟ್ಯೂನ್ ಮಾಡಿಕೊಳ್ಳಬಹುದು. ಫೋನಿನ ಟ್ಯೂನರ್ ಗದ್ದಲದಲ್ಲಿ ಕೆಲಸಕ್ಕೆ ಬಾರದು, ಗಿಟಾರಿನ ತಲೆಗೆ ಸಿಕ್ಕಿಸುವ ಕ್ಲಿಪ್ ಟ್ಯೂನರ್ ಕೊಳ್ಳಿ. ಹಾಸನಾಂಬ ಕಲಾಕ್ಷೇತ್ರದಂಥ ಒಳಾಂಗಣ ಸಿಕ್ಕರೆ ಮಳೆಯ ಕಾಟ ತಪ್ಪುತ್ತದೆ. ಖಾಲಿ ಕುರ್ಚಿಗಳ ಎದುರು ಸೌಂಡ್ ಚೆಕ್ ಮಾಡಿದ್ದು ಜನ ತುಂಬಿದ ಮೇಲೆ ಮಂಕಾಗುತ್ತದೆ, ಅಷ್ಟನ್ನು ನೆನಪಿಡಬೇಕು.

ಬಿಡಿಭಾಗಕ್ಕೆ ಬೆಂಗಳೂರಿಗೆ ಹೋಗಲೇಬೇಕು. 2017ರಲ್ಲಿ ಶ್ರವಣಬೆಳಗೊಳ–ಕುಣಿಗಲ್ ಮಾರ್ಗದ ರೈಲು ಶುರುವಾದಮೇಲೆ ಎಸ್.ಪಿ. ರೋಡಿಗೆ ಒಂದೇ ದಿನದಲ್ಲಿ ಹೋಗಿ ಬರುವುದು ಸಲೀಸು. ಜ್ಯಾಕು, ಪ್ಲಗ್ಗು, ಶೀಲ್ಡ್ ಕೇಬಲ್ ಮೀಟರ್ ಲೆಕ್ಕದಲ್ಲಿ ತಂದು 25 ವ್ಯಾಟಿನ ಸೋಲ್ಡರಿಂಗ್ ಐರನ್‌ನಲ್ಲಿ ನೀವೇ ಬೆಸೆಯಿರಿ: ಒಳತಂತಿ ತುದಿಗೆ, ಜಾಲರಿ ಮೈಗೆ. ಬೆಸುಗೆ ಹೊಳೆಯಬೇಕು, ಮಬ್ಬಾಗಿ ಉಂಡೆಗಟ್ಟಿದ್ದರೆ ಅದು ಸ್ಟೇಜಿನ ಮೇಲೇ ಬಿಡುತ್ತದೆ.

ಕೊನೆಗೆ ಹಂಚಿಕೆ. ಜಗಳವಾಗುವ ಮುಂಚೆ, ಮೊದಲ ತಿಂಗಳಲ್ಲೇ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಯಾವುದು ಯಾರ ಸ್ವಂತ, ಯಾವುದು ಎಲ್ಲರದು, ಬಿಟ್ಟುಹೋದವರಿಗೆ ಎಷ್ಟು ವಾಪಸು. ಅವರವರ ವಾದ್ಯ ಅವರವರದು. ಮೈಕು, ಮಿಕ್ಸರು, ಬೋರ್ಡು ಸಾಮಾನ್ಯದ್ದು. ಸೀಟು ಸಿಕ್ಕಿ ಎಲ್ಲರೂ ಹೊರಟ ಮೇಲೆ ಸಾಮಾನು ಉಳಿಯುವುದು ಒಬ್ಬರ ಮನೆಯಲ್ಲಿ. ಪೆಡಲುಗಳ 9 ವೋಲ್ಟ್ ಬ್ಯಾಟರಿ ತೆಗೆದಿಡಿ, ಸೋರಿದರೆ ಒಳಗಿನ ಬೋರ್ಡ್ ಹೋಗುತ್ತದೆ. ಗಿಟಾರಿನ ತಂತಿಗಳನ್ನು ಒಂದೆರಡು ಸ್ವರ ಇಳಿಸಿ, ಪೂರ್ತಿ ಸಡಿಲ ಬಿಡಬೇಡಿ. ಸ್ಪೀಕರಿನ ಮುಂದೂ ಹಿಂದೂ ಸಣ್ಣ ಕಣ್ಣಿನ ತಂತಿ ಜಾಲರಿ ಹೊಡೆಯಿರಿ, ಬೇರೇನೂ ಸಿಗದಿದ್ದರೆ ಮನೆಯ ಇಲಿಗೆ ಅದರ ಕಾಗದದ ಕೋನೇ ಊಟ. ಸಣ್ಣದಾಗಿ ಹರಿದಿದ್ದರೆ ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಫೆವಿಕಾಲಿನಲ್ಲಿ ಅದ್ದಿ ಎರಡೂ ಕಡೆ ಅಂಟಿಸಿದರೆ ನಡೆಯುತ್ತದೆ, ಅಂಗೈ ಅಗಲ ಹೋಗಿದ್ದರೆ ಕೋನ್ ಬದಲಿಸಬೇಕು. ದಸರಾ ರಜೆಗೆ ಎಲ್ಲರೂ ಊರಿಗೆ ಬಂದು ಮತ್ತೆ ಹಚ್ಚುವ ಮುಂಚೆ ಎಲ್ಲ ಗುಬ್ಬಿಗಳನ್ನೂ ಇಪ್ಪತ್ತು ಮೂವತ್ತು ಸಲ ಆಚೀಚೆ ತಿರುಗಿಸಿ. ಆಮೇಲೂ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ, ಪ್ಲಗ್ ಕಿತ್ತಿಟ್ಟು.